ಡಿಲೀಟ್ ಯಾಕೆ, ಆಫ್ ಮಾಡಿಟ್ಟರೆ ಸಾಕಲ್ವಾ? ಹಾಡಿನ ಸಾಫ್ಟ್‌ವೇರಿನ ಆಫ್ ಸ್ವಿಚ್‌ಗಳ ಕಥೆ

ಮೈಸೂರು, ಮಂಡ್ಯ ಕಡೆ ಈಗ ಮನೆಯ ಒಂದು ರೂಮಿನಲ್ಲೇ ಹಾಡು ರೆಕಾರ್ಡ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಲ್ಯಾಪ್‌ಟಾಪ್, ಮೈಕನ್ನು ಅದಕ್ಕೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್, ನಾಲ್ಕೈದು ಮೈಕು, ಗೋಡೆಗೆ ಒಂದಷ್ಟು ಫೋಮು. ಅಲ್ಲಿಗೆ ಕೆಲಸ ಕಲಿಯಲು ಬರುವ ಹುಡುಗರು ಬೇಗನೇ ಕೇಳುವ ಪ್ರಶ್ನೆ ಒಂದಿದೆ: ‘ಈ ಪೀಸ್ ಬೇಡ ಅಂದ್ರೆ ಡಿಲೀಟ್ ಮಾಡಿದ್ರಾಯ್ತಲ್ವಾ ಸರ್? ಆಫ್ ಮಾಡಿ ಯಾಕೆ ಇಟ್ಕೋಬೇಕು?’

ಪ್ರಶ್ನೆ ಸರಿಯಾಗಿಯೇ ಇದೆ. ಡಿಲೀಟ್ ಮಾಡಿದರೂ ಸದ್ದು ಕೇಳುವುದಿಲ್ಲ, ಆಫ್ ಮಾಡಿದರೂ ಕೇಳುವುದಿಲ್ಲ. ಹಾಗಿದ್ದರೆ ಸಾಫ್ಟ್‌ವೇರ್ ಮಾಡಿದವರು ನೋಟಿಗೊಂದು, ಕ್ಲಿಪ್ಪಿಗೊಂದು, ಪ್ಲಗಿನ್ನಿಗೊಂದು, ಟ್ರ್ಯಾಕಿಗೊಂದು ಅಂತ ಇಷ್ಟೊಂದು ಆಫ್ ಸ್ವಿಚ್ ಇಟ್ಟದ್ದು ಯಾಕೆ? (ನೋಟು ಅಂದರೆ ಒಂದು ಸ್ವರ ಅಥವಾ ಪೆಟ್ಟು, ಕ್ಲಿಪ್ಪು ಅಂದರೆ ರೆಕಾರ್ಡ್ ಮಾಡಿದ ಅಥವಾ ನುಡಿಸಿದ ಒಂದು ತುಂಡು, ಟ್ರ್ಯಾಕು ಅಂದರೆ ಒಂದು ಮೈಕಿನ ಅಥವಾ ವಾದ್ಯದ ಸಾಲು, ಪ್ಲಗಿನ್ ಅಂದರೆ ಸದ್ದು ಮಾಡುವ ಅಥವಾ ತಿದ್ದುವ ಸಣ್ಣ ಸಾಫ್ಟ್‌ವೇರ್.) ಚಿಕ್ಕ ಉತ್ತರ ಹೀಗಿದೆ. ಹಾಡು ಕಟ್ಟುವುದರಲ್ಲಿ ದೊಡ್ಡ ಪಾಲು ಕೆಲಸ ‘ಇದು ಇರಬೇಕಾ, ಬೇಡವಾ’ ಅಂತ ಕಿವಿಯಿಂದ ತೀರ್ಮಾನ ಮಾಡುವುದೇ. ಇದ್ದಾಗ ಹೇಗೆ, ಇಲ್ಲದಾಗ ಹೇಗೆ ಅಂತ ಒಂದರ ಹಿಂದೆ ಒಂದು ಕೇಳದೆ ಆ ತೀರ್ಮಾನ ಆಗುವುದಿಲ್ಲ. ದೊಡ್ಡ ಉತ್ತರ ಸ್ವಲ್ಪ ಉದ್ದ. ಯಾಕಂದರೆ ಎಲ್ಲಾ ಆಫ್ ಸ್ವಿಚ್‌ಗಳೂ ಒಂದೇ ಕೆಲಸ ಮಾಡುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಮಳವಳ್ಳಿ ಕಡೆಯ ಒಂದು ಕಂಸಾಳೆ ತಂಡ ಮಾದಪ್ಪನ ಪದ ಹಾಡಲು ಬಂದಿದೆ ಅಂದುಕೊಳ್ಳಿ. ಮುಖ್ಯ ಹಾಡುಗಾರರಿಗೆ ಒಂದು ಮೈಕು, ಸೊಲ್ಲು ಹಿಡಿಯುವವರಿಗೆ ಒಂದು, ಕಂಸಾಳೆಗೆ ಎರಡು, ದಮ್ಮಡಿಗೆ ಒಂದು. ಎಲ್ಲರೂ ಒಂದೇ ರೂಮಿನಲ್ಲಿ ಕೂತು ಹಾಡಿದ್ದಾರೆ. ತಂಡ ಊರಿಗೆ ಹೋದ ಮೇಲೆ ಪ್ರೋಗ್ರಾಮಿಂಗ್ ಮಾಡುವವರು ಕೀಬೋರ್ಡಿನಲ್ಲಿ ಬೇಸ್ ಸೇರಿಸುತ್ತಾರೆ, ಹಿಂದೆ ಸ್ಟ್ರಿಂಗ್ಸ್ (ವಯಲಿನ್ ಗುಂಪಿನ ಸದ್ದು) ಹಾಕುತ್ತಾರೆ, ಒಂದು ಎಲೆಕ್ಟ್ರಾನಿಕ್ ಕಿಕ್ ಡ್ರಮ್ ಕೂಡ. ಪ್ರತಿ ಟ್ರ್ಯಾಕಿನ ಮೇಲೂ ಇಕ್ಯೂ (ದಪ್ಪ, ತೆಳು ಸದ್ದುಗಳ ಪ್ರಮಾಣ ಹೊಂದಿಸುವುದು), ಕಂಪ್ರೆಸರ್ (ಜೋರಾದ ಸದ್ದನ್ನು ಒತ್ತುವುದು), ರಿವರ್ಬ್ (ಗುಂಗು ಸೇರಿಸುವುದು) ಅನ್ನುವ ಪ್ಲಗಿನ್‌ಗಳು ಕೂರುತ್ತವೆ. ನೋಡನೋಡುತ್ತಾ ಐದು ಟ್ರ್ಯಾಕಿನ ಪದ ಇಪ್ಪತ್ತು ಟ್ರ್ಯಾಕಿನ ಪ್ರಾಜೆಕ್ಟ್ ಆಗಿಬಿಟ್ಟಿರುತ್ತದೆ.

ಈಗ ತಂಡದ ಹಿರಿಯರು ಕೇಳಿ ಹೇಳುತ್ತಾರೆ: ‘ಅದೇನೋ ಹಿಂದ್ಗಡೆ ಕುಂಯ್ ಅಂತೈತಲ್ಲ ಸಾ, ಅದ್ನ ತೆಗುದ್ಬುಡಿ.’ ಸ್ಟ್ರಿಂಗ್ಸ್ ತೆಗೆಯುತ್ತೀರಿ. ಹತ್ತು ದಿನ ಬಿಟ್ಟು ಫೋನ್ ಬರುತ್ತದೆ: ‘ಅವತ್ತು ಮೊದ್ಲು ಕೇಳುಸುದ್ರಲ್ಲ ಸಾ, ಅದೇ ತುಂಬ್ಕೊಂಡಂಗಿತ್ತು.’ ಈ ಕಸುಬಿನಲ್ಲಿರುವವರಿಗೆ ಈ ಎರಡನೇ ಫೋನು ಹೊಸದೇನಲ್ಲ. ಸ್ಟ್ರಿಂಗ್ಸ್ ಕ್ಲಿಪ್ಪನ್ನು ಆಫ್ ಮಾಡಿ ಇಟ್ಟಿದ್ದರೆ ಒಂದು ಕೀ ಒತ್ತಿದರೆ ವಾಪಸ್. ಡಿಲೀಟ್ ಮಾಡಿದ್ದರೆ ಮತ್ತೆ ನುಡಿಸಬೇಕು. ಮತ್ತೆ ನುಡಿಸಿದ್ದು ಮೊದಲಿನಂತೆ ಇರುವುದೂ ಇಲ್ಲ. ಅಂಡೂ ಇದೆಯಲ್ಲ ಅನ್ನಬಹುದು. ಆದರೆ ಅಂಡೂ ಹಿಂದಕ್ಕೆ ಹೋಗುವುದು ಸಾಲಾಗಿ. ಸ್ಟ್ರಿಂಗ್ಸ್ ತೆಗೆದ ಮೇಲೆ ಮಾಡಿದ ಐವತ್ತು ಒಳ್ಳೆ ಕೆಲಸವನ್ನೂ ಕೆಡವಿಕೊಂಡೇ ಅಲ್ಲಿಗೆ ತಲುಪಬೇಕು. ಸಾಮಾನ್ಯವಾಗಿ ಪ್ರಾಜೆಕ್ಟ್ ಮುಚ್ಚಿ ತೆರೆದರೆ ಆ ಇತಿಹಾಸವೂ ಇರುವುದಿಲ್ಲ.

ನೋಟು, ಕ್ಲಿಪ್ಪು: ಕೂಡಿಸಿ ಕಳೆಯುವ ಕೆಲಸ

ಎಲ್ಲಕ್ಕಿಂತ ಸಣ್ಣ ಆಫ್ ಒಂದೇ ಒಂದು ನೋಟಿನದು. ಏಬಲ್‌ಟನ್ ಲೈವ್ ಅನ್ನುವ ಹಾಡಿನ ಸಾಫ್ಟ್‌ವೇರಿನಲ್ಲಿ ಮಿಡಿ ನೋಟನ್ನು (ಕೀಬೋರ್ಡಿನಲ್ಲಿ ಒತ್ತಿದ ಸ್ವರದ ಗುರುತು) ಆರಿಸಿ 0 ಕೀ ಒತ್ತಿದರೆ ಆ ನೋಟು ಬೂದು ಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತದೆ. ಅದರ ಜಾಗ, ಉದ್ದ, ಎಷ್ಟು ಜೋರಾಗಿ ಒತ್ತಿದ್ದು ಅನ್ನುವ ಲೆಕ್ಕ ಎಲ್ಲಾ ಹಾಗೇ ಉಳಿದಿರುತ್ತದೆ. ಕ್ಲಿಪ್ಪಿಗೂ ಇದೇ 0. ಲಾಜಿಕ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಮತ್ತು ಎಂ. ಎಫ್ಎಲ್ ಸ್ಟುಡಿಯೋದ ಪ್ಲೇಲಿಸ್ಟ್‌ನಲ್ಲಿ ಇದಕ್ಕೆಂದೇ ಮ್ಯೂಟ್ ಟೂಲ್ ಇದೆ.

ಇಷ್ಟು ಸಣ್ಣದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕಿಕ್ ಡ್ರಮ್ಮಿನ ವರಸೆಯನ್ನೇ ನೋಡಿ. ದಮ್ಮಡಿಯವರು ಎಲ್ಲಿ ಪೆಟ್ಟು ಬಿಟ್ಟು ಹಿಡಿಯುತ್ತಾರೋ ಅಲ್ಲೇ ಈ ಪದದ ನಡೆ ಇರುವುದು. ಪ್ರೋಗ್ರಾಮ್ ಮಾಡಿದ ಕಿಕ್ ಆ ಖಾಲಿ ಜಾಗದಲ್ಲೂ ಬಂದು ಕೂತರೆ ನಡೆ ಸತ್ತುಹೋಗುತ್ತದೆ. ಯಾವ ಪೆಟ್ಟು ಅಡ್ಡ ಬರುತ್ತಿದೆ ಅಂತ ಓದಿ ತಿಳಿಯಲು ಆಗುವುದಿಲ್ಲ. ಒಂದು ನೋಟು ಆಫ್, ಕೇಳು. ಆನ್, ಇನ್ನೊಂದು ಆಫ್, ಕೇಳು. ಲೂಪ್ ಓಡುತ್ತಿರುವಾಗಲೇ ಇದನ್ನು ಮಾಡಬಹುದು. ನಾಲ್ಕು ಸುತ್ತು ಮುಗಿಯುವುದರೊಳಗೆ ಯಾವುದು ಕಂಟಕ ಅಂತ ಗೊತ್ತಾಗಿಬಿಡುತ್ತದೆ.

ಕ್ಲಿಪ್ ಮಟ್ಟಕ್ಕೆ ಬಂದರೆ ಇದು ಹಾಡು ಜೋಡಿಸುವ ವಿಧಾನವೇ ಆಗಿಬಿಡುತ್ತದೆ. ಹಲವರು ಹಾಡನ್ನು ಖಾಲಿಯಿಂದ ಶುರು ಮಾಡಿ ತುಂಬುತ್ತಾ ಹೋಗುತ್ತಾರೆ. ಉಲ್ಟಾ ಮಾಡಿ ನೋಡಿ. ಎಲ್ಲಾ ವಾದ್ಯ ಸೇರಿದ, ಹಾಡಿನ ಅತಿ ತುಂಬಿದ ಎಂಟು ಬಾರ್ (ತಾಳದ ಎಂಟು ಸುತ್ತು) ಮೊದಲು ಸರಿಯಾಗಿ ಮಾಡಿಕೊಳ್ಳಿ. ಅದನ್ನು ಇಡೀ ಹಾಡಿನ ಉದ್ದಕ್ಕೂ ಕಾಪಿ ಮಾಡಿ. ಆಮೇಲೆ ಮೊದಲಿನಿಂದ ಬಂದು ಒಂದೊಂದೇ ಕ್ಲಿಪ್ ಆಫ್ ಮಾಡುತ್ತಾ ಬನ್ನಿ. ಶುರುವಿನಲ್ಲಿ ದನಿ ಮತ್ತು ಒಂದು ಕಂಸಾಳೆ ಮಾತ್ರ. ಸೊಲ್ಲು ಬರುವಲ್ಲಿ ದಮ್ಮಡಿ ಆನ್. ಬೇಸ್ ಎರಡನೇ ಚರಣದವರೆಗೂ ಬೇಡ. ಸ್ಟ್ರಿಂಗ್ಸ್ ಕೊನೆಗೆ ಮಾತ್ರ. ಹೀಗೆ ಮಾಡಿದಾಗ ಆಫ್ ಆದ ಕ್ಲಿಪ್ಪುಗಳು ಪರದೆ ಮೇಲೆ ಮಂಕಾಗಿ ಕಾಣುತ್ತಾ ಇರುತ್ತವೆ. ಇಡೀ ಹಾಡಿನ ಏರಿಳಿತ ಒಂದೇ ನೋಟಕ್ಕೆ ಸಿಗುತ್ತದೆ. ಎಲ್ಲಿ ಏನು ಇರಬಹುದಿತ್ತು ಅನ್ನುವುದೂ ಕಣ್ಣ ಮುಂದೆಯೇ ಇರುತ್ತದೆ.

ಎರಡು ಮೂರು ಟೇಕ್ ಇದ್ದಾಗಲೂ ಇದೇ. ಹಾಡುಗಾರರ ಮೊದಲ ಟೇಕಿನಲ್ಲಿ ಉಸಿರು ಚೆನ್ನಾಗಿದೆ, ಮೂರನೆಯದರಲ್ಲಿ ಶ್ರುತಿ ಚೆನ್ನಾಗಿದೆ. ಬೇಡದ ಟೇಕುಗಳನ್ನು ಆಫ್ ಮಾಡಿ ಕೆಳಗೇ ಇಟ್ಟುಕೊಳ್ಳಿ. ಮಿಕ್ಸ್ ಮಾಡುವಾಗ ಒಂದು ಪದದ ಕೊನೆ ನುಂಗಿದಂತೆ ಕೇಳಿಸಿದರೆ ಅಷ್ಟನ್ನೇ ಪಕ್ಕದ ಟೇಕಿನಿಂದ ಎತ್ತಬಹುದು.

ಇದೆಲ್ಲಾ ಈಗಿನ ಭಾಗ್ಯ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ರೇಡಿಯೋ ಶುರು ಮಾಡಿದಾಗ ಹಾಡು ಕಟ್ ಮಾಡಿ ಜೋಡಿಸುವ ಮಾತೇ ಇರಲಿಲ್ಲ. ಆಮೇಲೆ ಟೇಪ್ ಬಂತು. ಬ್ಲೇಡಿನಲ್ಲಿ ಟೇಪ್ ಕತ್ತರಿಸಿ ಅಂಟಿಸುತ್ತಿದ್ದರು. ಕತ್ತರಿಸಿದ್ದು ಕತ್ತರಿಸಿದ್ದೇ. ಕಂಪ್ಯೂಟರಿನಲ್ಲಿ ಹಾಗಿಲ್ಲ. ಪರದೆ ಮೇಲೆ ಕಾಣುವ ಕ್ಲಿಪ್ಪು ಅಂದರೆ ಡಿಸ್ಕಿನಲ್ಲಿರುವ ರೆಕಾರ್ಡಿಂಗಿನ ಇಂತಿಷ್ಟು ಭಾಗವನ್ನು ಇಲ್ಲಿ ನುಡಿಸು ಅನ್ನುವ ಒಂದು ಸೂಚನೆ ಅಷ್ಟೇ. ಆಫ್ ಮಾಡಿದರೆ ಆ ಸೂಚನೆಯನ್ನು ಸದ್ಯಕ್ಕೆ ಪಾಲಿಸಬೇಡ ಅಂದಂತೆ. ಮೂಲ ಫೈಲಿಗೆ ಏನೂ ಆಗುವುದಿಲ್ಲ.

ಪ್ಲಗಿನ್ ಆಫ್ ಮಾಡಿ ಕೇಳುವುದು

ನನ್ನ ಪ್ರಕಾರ ಆಫ್ ಸ್ವಿಚ್ಚಿನ ಅತಿ ದೊಡ್ಡ ಉಪಯೋಗ ಇರುವುದು ಇಲ್ಲೇ. ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ವಿಎಸ್‌ಟಿ ಅನ್ನುವ ಪ್ಲಗಿನ್ ಪದ್ಧತಿ ತಂದ ಮೇಲೆ ಪ್ಲಗಿನ್‌ಗಳಿಗೆ ಬರ ಇಲ್ಲ. ಉಚಿತವಾಗಿ ಸಿಗುವವೇ ರಾಶಿ ಇವೆ. ಹಾಗಾಗಿ ಒಂದು ದನಿಯ ಮೇಲೆ ಆರೇಳು ಪ್ಲಗಿನ್ ಸಾಲಾಗಿ ಕೂತಿರುವುದು ಮಾಮೂಲು. ಅದರಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವುದು ಎಷ್ಟು? ಒಂದೊಂದನ್ನೇ ಆಫ್ ಮಾಡಿ ನೋಡಿದರೆ ಎರಡೋ ಮೂರೋ ಅಂತ ಗೊತ್ತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದಾಗ ಹಸಿ ರೆಕಾರ್ಡಿಂಗೇ ಚೆನ್ನಾಗಿ ಕೇಳಿಸಿ ಮುಖ ಸಣ್ಣಗಾಗುವುದೂ ಉಂಟು.

ಆದರೆ ಇಲ್ಲಿ ಕಿವಿ ಮೋಸ ಹೋಗುತ್ತದೆ. ಎರಡು ಸದ್ದುಗಳಲ್ಲಿ ಕೊಂಚ ಜೋರಾಗಿರುವುದೇ ನಮಗೆ ಚೆನ್ನಾಗಿದೆ ಅನ್ನಿಸುತ್ತದೆ. ಕಂಪ್ರೆಸರ್ ಸದ್ದನ್ನು ಒತ್ತುತ್ತದೆ, ಆಮೇಲೆ ಮೇಕಪ್ ಗೇನ್ ಅನ್ನುವುದು ಅದನ್ನು ಎತ್ತುತ್ತದೆ. ಒಟ್ಟಿನಲ್ಲಿ 2 ಡೆಸಿಬೆಲ್ ಜಾಸ್ತಿಯಾಗಿದ್ದರೆ, ಆಫ್ ಮಾಡಿದ ಕೂಡಲೇ ದನಿ ಸೊರಗಿದಂತೆ ಕೇಳುತ್ತದೆ. ‘ಅಬ್ಬಾ, ಕಂಪ್ರೆಸರ್ ಇಲ್ಲದಿದ್ದರೆ ಆಗಲ್ಲ’ ಅಂದುಕೊಳ್ಳುತ್ತೇವೆ. ನಿಜಕ್ಕೂ ಬದಲಾದದ್ದು ವಾಲ್ಯೂಮ್ ಮಾತ್ರ ಇರಬಹುದು. ಹಾಗಾಗಿ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಮಟ್ಟ ಒಂದೇ ಇರುವಂತೆ ಪ್ಲಗಿನ್ನಿನ ಔಟ್‌ಪುಟ್ ತಗ್ಗಿಸಿಕೊಂಡು ಆಮೇಲೆ ಹೋಲಿಸಬೇಕು. ಇದನ್ನು ಮಾಡದೆ ಆನ್ ಆಫ್ ಒತ್ತುತ್ತಾ ಕೂತರೆ ಸುಮ್ನೆ ಟೈಂ ಹಾಳು.

ಇನ್ನೊಂದು ಮಾತು. ಹೋಲಿಕೆ ಮಾಡುವಾಗ ಆ ಟ್ರ್ಯಾಕನ್ನು ಸೋಲೋದಲ್ಲಿ, ಅಂದರೆ ಅದೊಂದೇ ಕೇಳುವಂತೆ, ಇಟ್ಟುಕೊಳ್ಳಬೇಡಿ. ಸೋಲೋದಲ್ಲಿ ರಿವರ್ಬ್ ಜಾಸ್ತಿಯಾಯಿತು ಅನ್ನಿಸುತ್ತದೆ, ಬೇಸ್ ಕಮ್ಮಿಯಾಯಿತು ಅನ್ನಿಸುತ್ತದೆ. ಎಲ್ಲಾ ಸೇರಿದಾಗ ಕಥೆಯೇ ಬೇರೆ. ಕೇಳುವವರು ಯಾರೂ ನಿಮ್ಮ ದಮ್ಮಡಿಯನ್ನು ಒಂಟಿಯಾಗಿ ಕೇಳುವುದಿಲ್ಲ. ಎಲ್ಲಾ ಓಡುತ್ತಿರುವಾಗ ಅದೊಂದೇ ಪ್ಲಗಿನ್ ಆಫ್ ಆಗಬೇಕು.

ಯಾವುದು ಯಾವುದಕ್ಕೆ ಅಡ್ಡ ಬರುತ್ತಿದೆ ಅಂತ ಹುಡುಕುವುದಕ್ಕೂ ಇದೇ ದಾರಿ. ಕಂಸಾಳೆ ಕಂಚಿನದು. ಬಟ್ಟಲಿಗೆ ತಟ್ಟೆ ತಗುಲಿದಾಗ ಏಳುವ ಝಣಝಣ ಮೇಲಿನ ಕಂಪನಾಂಕಗಳಲ್ಲಿ ಹರಡಿಕೊಳ್ಳುತ್ತದೆ. ಹಾಡುಗಾರರ ಸ, ಶ ಅಕ್ಷರಗಳ ಗಾಳಿಯೂ ಸುಮಾರಾಗಿ 5ರಿಂದ 8 ಕಿಲೋಹರ್ಟ್ಸ್ ಆಸುಪಾಸಿನಲ್ಲೇ ಬರುವುದು. ಸಾಹಿತ್ಯ ಸ್ಪಷ್ಟವಾಗಿಲ್ಲ ಅನ್ನಿಸಿದರೆ ಹೊಸಬರು ದನಿಯ ಇಕ್ಯೂ ಎತ್ತಲು ಹೋಗುತ್ತಾರೆ. ಮೊದಲು ಒಂದು ಕಂಸಾಳೆ ಟ್ರ್ಯಾಕ್ ಆಫ್ ಮಾಡಿ ಕೇಳಿ. ಪದಗಳು ತಟ್ಟನೆ ಬಿಡಿಬಿಡಿಯಾಗಿ ಕೇಳಿಸಿದರೆ ಕಾಯಿಲೆ ದನಿಯಲ್ಲಿಲ್ಲ.

ಒಂದೇ ರೂಮಿನಲ್ಲಿ ರೆಕಾರ್ಡ್ ಮಾಡಿದ್ದರಿಂದ ಇನ್ನೂ ಎರಡು ವಿಷಯ ಈ ಸ್ವಿಚ್ಚಿನಿಂದಲೇ ತಿಳಿಯುತ್ತದೆ. ಹಾಡುಗಾರರ ಟ್ರ್ಯಾಕನ್ನು ಪೂರ್ತಿ ಆಫ್ ಮಾಡಿ. ಆದರೂ ಅವರ ದನಿ ಕೇಳುತ್ತಿದೆ ಅಲ್ವಾ? ಅದು ಕಂಸಾಳೆ ಮೈಕಿಗೂ ದಮ್ಮಡಿ ಮೈಕಿಗೂ ನುಗ್ಗಿದ ದನಿ. ದನಿಗೆ ಎಷ್ಟೇ ಚೆಂದದ ಪ್ಲಗಿನ್ ಹಾಕಿದರೂ ಈ ನುಗ್ಗಿದ ದನಿ ಜೊತೆಗೆ ಬರುತ್ತಲೇ ಇರುತ್ತದೆ. ಎಷ್ಟಿದೆ ಅಂತ ಮೊದಲೇ ತಿಳಿದರೆ ಒಳ್ಳೆಯದು. ಎರಡನೆಯದು, ಕಂಸಾಳೆಯ ಎರಡು ಮೈಕುಗಳಲ್ಲಿ ಒಂದನ್ನು ಆಫ್ ಮಾಡಿ ನೋಡಿ. ಸದ್ದು ಕಮ್ಮಿಯಾಗುವ ಬದಲು ಇನ್ನೂ ತುಂಬಿಕೊಂಡು ಬಂದರೆ ಎರಡು ಮೈಕುಗಳೂ ಒಂದನ್ನೊಂದು ತಿಂದುಹಾಕುತ್ತಿವೆ ಅಂತ ಅರ್ಥ. ಫೇಸ್ ಸಮಸ್ಯೆ ಅನ್ನುವುದು ಇದನ್ನೇ. ಒಂದರ ಪೊಲಾರಿಟಿ ತಿರುಗಿಸಬೇಕು (ಸದ್ದಿನ ಅಲೆಯನ್ನು ಮೇಲು ಕೆಳಗು ಮಾಡುವುದು), ಅಥವಾ ಒಂದೇ ಮೈಕು ಸಾಕು ಅಂತ ಬಿಡಬೇಕು.

ಮಂಡ್ಯ ಕಡೆಯವರಿಗೆ ಒಂದು ಪರೀಕ್ಷೆ ಹೇಳಬಹುದು. ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳಲ್ಲಿ ಹಾಡು ಹಾಕಿರುತ್ತಾರಲ್ಲ, ಅಂಥ ಸ್ಪೀಕರಿನಲ್ಲಿ ನಿಮ್ಮ ಹಾಡು ಕೇಳಿ. ಸ್ಟ್ರಿಂಗ್ಸ್ ಆನ್ ಇರುವುದು ಒಂದು, ಆಫ್ ಇರುವುದು ಒಂದು. ಎಂಜಿನ್ ಸದ್ದಿನ ನಡುವೆ ಯಾರಿಗೂ ವ್ಯತ್ಯಾಸ ಗೊತ್ತಾಗದಿದ್ದರೆ ಆ ಸ್ಟ್ರಿಂಗ್ಸ್ ಬಗ್ಗೆ ಎರಡು ದಿನ ಜಗಳ ಆಡುವ ಅಗತ್ಯ ಇರಲಿಲ್ಲ.

ಮ್ಯೂಟ್ ಬೇರೆ, ಬೈಪಾಸ್ ಬೇರೆ, ಪೂರ್ತಿ ಆಫ್ ಬೇರೆ

ಈಗ ತೊಡಕಿನ ಭಾಗ. ‘ಎಲ್ಲಾ ಮ್ಯೂಟ್ ಮಾಡಿದ್ದೀನಿ ಸರ್, ಆದ್ರೂ ಲ್ಯಾಪ್‌ಟಾಪ್ ತಿಣುಕ್ತಿದೆ’ ಅನ್ನುವ ದೂರು ನೀವೂ ಕೇಳಿರುತ್ತೀರಿ. ಮ್ಯೂಟ್ ಮಾಡಿದ ಟ್ರ್ಯಾಕ್ ಬಹಳಷ್ಟು ಸಲ ಒಳಗೊಳಗೆ ಓಡುತ್ತಲೇ ಇರುತ್ತದೆ. ಅಡುಗೆಮನೆ ಬಾಗಿಲು ಹಾಕಿದರೆ ಮಿಕ್ಸಿ ಸದ್ದು ಹಾಲಿಗೆ ಬರುವುದಿಲ್ಲ, ಆದರೆ ಮಿಕ್ಸಿ ನಿಂತಿರುವುದಿಲ್ಲ, ಮೀಟರೂ ಓಡುತ್ತಿರುತ್ತದೆ. ಹಾಗೆ ಇದು.

ಸದ್ದು ಸಾಗುವ ದಾರಿ ನೋಡಿದರೆ ಇದು ಸಲೀಸಾಗಿ ಅರ್ಥ ಆಗುತ್ತದೆ. ಡಿಸ್ಕಿನಿಂದ ಆಡಿಯೋ ಬರುತ್ತದೆ, ಅಥವಾ ಮಿಡಿ ನೋಟು ಒಂದು ವಾದ್ಯದ ಪ್ಲಗಿನ್ನಿಗೆ ಹೋಗಿ ಸದ್ದಾಗುತ್ತದೆ. ಅದು ಪ್ಲಗಿನ್‌ಗಳ ಸಾಲನ್ನು ದಾಟಿ ಫೇಡರಿಗೆ (ಟ್ರ್ಯಾಕಿನ ವಾಲ್ಯೂಮ್ ಗುಂಡಿ) ಬರುತ್ತದೆ, ಅಲ್ಲಿಂದ ಎಲ್ಲಾ ಟ್ರ್ಯಾಕುಗಳೂ ಸೇರುವ ಮಾಸ್ಟರಿಗೆ. ಮ್ಯೂಟ್ ಗುಂಡಿ ಸಾಮಾನ್ಯವಾಗಿ ಕೂತಿರುವುದು ಈ ದಾರಿಯ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಲೆಕ್ಕಾಚಾರವೆಲ್ಲಾ ಮುಗಿದಿರುತ್ತದೆ. ಬೇಕಂತಲೇ ಹೀಗೆ ಮಾಡಿರುವುದು. ಮ್ಯೂಟ್ ತೆಗೆದ ತಕ್ಷಣ ರಿವರ್ಬಿನ ಬಾಲ ಸಮೇತ ಸದ್ದು ಬರಬೇಕು, ತಡವರಿಸಬಾರದು. ಕೇಳಿ ಹೋಲಿಸುವ ಕೆಲಸಕ್ಕೆ ಈ ವೇಗ ಬೇಕೇ ಬೇಕು.

ಬೈಪಾಸ್ ಅಂದರೆ ಆ ಒಂದು ಪ್ಲಗಿನ್ನನ್ನು ಬಿಟ್ಟು ಸದ್ದು ಪಕ್ಕದಿಂದ ಹೋಗುವುದು. ಇದು ಸಿಪಿಯು ಉಳಿಸುತ್ತದೋ ಇಲ್ಲವೋ ಅನ್ನುವುದು ಸಾಫ್ಟ್‌ವೇರಿಗೆ ತಕ್ಕ ಹಾಗೆ. ಏಬಲ್‌ಟನ್ ಲೈವ್‌ನಲ್ಲಿ ಡಿವೈಸ್ ಆಫ್ ಮಾಡಿದರೆ ಅದು ಸಿಪಿಯು ತಿನ್ನುವುದಿಲ್ಲ. ಪ್ರೊ ಟೂಲ್ಸ್‌ನಲ್ಲಿ ಬೈಪಾಸ್ ಬೇರೆ, ಇನ್‌ಆಕ್ಟಿವ್ ಬೇರೆ. ಬೈಪಾಸ್ ಮಾಡಿದ ಪ್ಲಗಿನ್ ತನ್ನ ಪಾಲಿನ ಶಕ್ತಿಯನ್ನು ಹಿಡಿದುಕೊಂಡೇ ಇರುತ್ತದೆ, ಇನ್‌ಆಕ್ಟಿವ್ ಮಾಡಿದರೆ ಬಿಟ್ಟುಕೊಡುತ್ತದೆ. ರೀಪರ್‌ನಲ್ಲಿ ಬೈಪಾಸ್ ಮಾಡಿದ ಪ್ಲಗಿನ್ ಮೆಮೊರಿಯಲ್ಲಿ ಉಳಿಯುತ್ತದೆ. ಆಫ್‌ಲೈನ್ ಮಾಡಿದರೆ ಮೆಮೊರಿಯಿಂದಲೂ ಇಳಿಯುತ್ತದೆ, ಅದರ ಸೆಟ್ಟಿಂಗ್ ಮಾತ್ರ ಪ್ರಾಜೆಕ್ಟಿನಲ್ಲಿ ಭದ್ರವಾಗಿರುತ್ತದೆ. ಕ್ಯೂಬೇಸ್‌ನಲ್ಲಿ ಇಡೀ ಟ್ರ್ಯಾಕನ್ನೇ ಡಿಸೇಬಲ್ ಮಾಡಬಹುದು. ಲಾಜಿಕ್‌ನಲ್ಲಿ ಟ್ರ್ಯಾಕಿಗೆ ಮ್ಯೂಟ್ ಗುಂಡಿಯ ಜೊತೆ ಆನ್ ಆಫ್ ಗುಂಡಿಯೂ ಬೇರೆಯೇ ಇದೆ.

8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಈ ವ್ಯತ್ಯಾಸ ಹೊಟ್ಟೆಪಾಡಿನ ವಿಷಯ. ಸ್ಟ್ರಿಂಗ್ಸ್ ಸ್ಯಾಂಪಲ್ ಲೈಬ್ರರಿಗಳು ನಿಜವಾದ ವಾದ್ಯಗಳ ಸಾವಿರಾರು ತುಣುಕು ರೆಕಾರ್ಡಿಂಗ್ ಇಟ್ಟುಕೊಂಡಿರುತ್ತವೆ. ಲೋಡ್ ಮಾಡಿದಾಗ ಅದರ ಒಂದು ಭಾಗ ಮೆಮೊರಿಗೆ ಬಂದು ಕೂರುತ್ತದೆ. ಮ್ಯೂಟ್ ಮಾಡಿದರೆ ಅದು ಕದಲುವುದಿಲ್ಲ. ಡಿಸೇಬಲ್ ಅಥವಾ ಆಫ್‌ಲೈನ್ ಮಾಡಿದರೆ ಜಾಗ ಖಾಲಿ. ಸಿನಿಮಾ ಹಿನ್ನೆಲೆ ಸಂಗೀತ ಮಾಡುವವರಲ್ಲಿ ಹಲವರು ನೂರಾರು ವಾದ್ಯಗಳ ಟೆಂಪ್ಲೇಟ್ ಮಾಡಿ, ಎಲ್ಲವನ್ನೂ ಡಿಸೇಬಲ್ ಮಾಡಿಟ್ಟು, ಬೇಕಾದದ್ದನ್ನು ಮಾತ್ರ ಎಬ್ಬಿಸಿಕೊಳ್ಳುತ್ತಾರೆ. ಪೂರ್ತಿ ಆಫ್ ಮಾಡಿದ್ದನ್ನು ವಾಪಸ್ ತರುವಾಗ ಮತ್ತೆ ಲೋಡ್ ಆಗಬೇಕು, ಕೊಂಚ ಕಾಯಬೇಕು. ಹಾಗಾಗಿ ಆನ್ ಆಫ್ ಮಾಡಿ ಹೋಲಿಸಲು ಇದು ಒಗ್ಗುವುದಿಲ್ಲ. ಹೋಲಿಸಲು ಮ್ಯೂಟ್ ಅಥವಾ ಬೈಪಾಸ್, ಭಾರ ಇಳಿಸಲು ಪೂರ್ತಿ ಆಫ್.

ಫ್ರೀಜ್ ಅನ್ನುವುದು ಇವುಗಳ ಅಣ್ಣ ತಮ್ಮನೇ, ಆದರೆ ಗುಣ ಉಲ್ಟಾ. ಸದ್ದು ಬೇಕು, ಅದನ್ನು ಮಾಡುವ ಪ್ಲಗಿನ್ ಮಾತ್ರ ಸದ್ಯಕ್ಕೆ ಬೇಡ. ಸಾಫ್ಟ್‌ವೇರ್ ಆ ಟ್ರ್ಯಾಕನ್ನು ಒಂದು ತಾತ್ಕಾಲಿಕ ಆಡಿಯೋ ಫೈಲ್ ಮಾಡಿ ನುಡಿಸುತ್ತದೆ, ಪ್ಲಗಿನ್‌ಗಳು ಮಲಗುತ್ತವೆ. ತಿದ್ದಬೇಕು ಅನ್ನಿಸಿದಾಗ ಅನ್‌ಫ್ರೀಜ್.

ಹಾಡುವವರ ಕಿವಿಗೆ ತಡವಾಗಿ ಬರುವ ದನಿ

ತಂಡದವರು ಇನ್ನೊಂದು ದಿನ ಬಂದು ಎರಡನೇ ಸೊಲ್ಲು ಹಾಡಬೇಕು ಅಂದುಕೊಳ್ಳಿ. ಅಷ್ಟು ಹೊತ್ತಿಗೆ ಮಿಕ್ಸ್ ಅರ್ಧ ಆಗಿದೆ, ಮಾಸ್ಟರಿನಲ್ಲಿ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಪ್ಲಗಿನ್) ಕೂತಿದೆ. ಹೆಡ್‌ಫೋನ್ ಹಾಕಿದ ಹಾಡುಗಾರರು ‘ನನ್ ದನಿ ನಂಗೇ ಹಿಂದಿಂದ ಬತ್ತಾದೆ’ ಅನ್ನುತ್ತಾರೆ. ಇದು ಲೇಟೆನ್ಸಿ.

ಈ ತಡದಲ್ಲಿ ಒಂದು ಭಾಗ ಬಫರಿನದು. ಕಂಪ್ಯೂಟರ್ ಸದ್ದನ್ನು ಕಂತು ಕಂತಾಗಿ ಕೂಡಿಟ್ಟು ಸಾಗಿಸುತ್ತದೆ, ಆ ಒಂದು ಕಂತೇ ಬಫರ್. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್, ಅಂದರೆ ಸದ್ದಿನ ಅಳತೆ) 128 ಸ್ಯಾಂಪಲ್ ಬಫರ್ ಅಂದರೆ ಸುಮಾರು 2.7 ಮಿಲಿಸೆಕೆಂಡು. 1024 ಅಂದರೆ 21 ಮಿಲಿಸೆಕೆಂಡು. ಅದೂ ಒಳಗೆ ಬರಲು ಒಂದು ಸಲ, ಹೊರಗೆ ಹೋಗಲು ಇನ್ನೊಂದು ಸಲ. ಬಫರ್ ಸಣ್ಣದು ಮಾಡಿದರೆ ತಡ ಕಮ್ಮಿ, ಆದರೆ ಸಿಪಿಯು ಮೇಲೆ ಒತ್ತಡ ಜಾಸ್ತಿ. ಚಟಪಟ ಸದ್ದು ಶುರುವಾಗುತ್ತದೆ. ಬೇಡದ ಪ್ಲಗಿನ್ ಆಫ್ ಮಾಡಿದರೆ ಆ ಒತ್ತಡ ಇಳಿಯುತ್ತದೆ, ಸಣ್ಣ ಬಫರಿನಲ್ಲೇ ರೆಕಾರ್ಡ್ ಮಾಡಬಹುದು.

ಎರಡನೇ ಭಾಗ ಕಣ್ಣಿಗೆ ಕಾಣುವುದಿಲ್ಲ. ಕೆಲವು ಲಿಮಿಟರ್‌ಗಳು ಮುಂದೆ ಬರುವ ಸದ್ದನ್ನು ಮೊದಲೇ ನೋಡಿ ತಯಾರಾಗುತ್ತವೆ. ಅದಕ್ಕೆ ಸದ್ದನ್ನು ಸ್ವಲ್ಪ ಹೊತ್ತು ತಡೆದು ಇಟ್ಟುಕೊಳ್ಳಬೇಕು. ಲೀನಿಯರ್ ಫೇಸ್ ಇಕ್ಯೂಗಳು ಇನ್ನೂ ಜಾಸ್ತಿ ತಡೆಯುತ್ತವೆ. ಒಂದು ಪ್ಲಗಿನ್ 4096 ಸ್ಯಾಂಪಲ್ ತಡೆದರೆ ಅದು 85 ಮಿಲಿಸೆಕೆಂಡು. ಒಂದು ಟ್ರ್ಯಾಕ್ ತಡವಾದರೆ ತಾಳ ತಪ್ಪುತ್ತದೆ ಅಂತ ಸಾಫ್ಟ್‌ವೇರ್ ಉಳಿದ ಟ್ರ್ಯಾಕುಗಳನ್ನೂ ಅಷ್ಟೇ ತಡಮಾಡಿ ಸರಿಹೊಂದಿಸುತ್ತದೆ. ಪ್ಲೇ ಮಾಡಿ ಕೇಳುವಾಗ ಇದರಿಂದ ತೊಂದರೆ ಇಲ್ಲ. ಹಾಡುವಾಗ ಇದೆ. ಅದರಲ್ಲೂ ಕಂಸಾಳೆಯಂಥ ಚೂಪಾದ ಪೆಟ್ಟಿಗೆ ತಡವಾದದ್ದು ಎದ್ದು ಕಾಣುತ್ತದೆ, ಕೈ ಹಿಂದೆ ಬೀಳುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ಲಗಿನ್ನಿನ ಕಿಟಕಿಯೊಳಗೇ ಇರುವ ಬೈಪಾಸ್ ಗುಂಡಿ ಒತ್ತಿದರೆ ಹಲವು ಪ್ಲಗಿನ್‌ಗಳು ತಮ್ಮ ತಡವನ್ನು ಹಾಗೇ ಉಳಿಸಿಕೊಳ್ಳುತ್ತವೆ. ಹಾಡು ಓಡುತ್ತಿರುವಾಗ ತಡ ತಟ್ಟನೆ ಬದಲಾದರೆ ಸದ್ದು ಎಗರುತ್ತದೆ, ಅದನ್ನು ತಪ್ಪಿಸಲು. ಆದ್ದರಿಂದ ‘ಬೈಪಾಸ್ ಮಾಡಿದೆ, ಆದ್ರೂ ಲೇಟು’ ಅನ್ನುವಂತಾಗುತ್ತದೆ. ಸಾಫ್ಟ್‌ವೇರಿನ ಕಡೆಯಿಂದಲೇ ಪೂರ್ತಿ ಆಫ್ ಮಾಡಿ ನೋಡಿ. ಲಾಜಿಕ್‌ನಲ್ಲಿ ಲೋ ಲೇಟೆನ್ಸಿ ಮೋಡ್, ಕ್ಯೂಬೇಸ್‌ನಲ್ಲಿ ಕನ್‌ಸ್ಟ್ರೇನ್ ಡಿಲೇ ಕಾಂಪೆನ್ಸೇಷನ್ ಅಂತ ಒಂದೊಂದು ಗುಂಡಿ ಇದೆ. ತಡ ಮಾಡುವ ಪ್ಲಗಿನ್‌ಗಳನ್ನು ರೆಕಾರ್ಡಿಂಗ್ ಹೊತ್ತಿಗೆ ಪಕ್ಕಕ್ಕಿಡುವುದೇ ಇವುಗಳ ಕೆಲಸ.

ದೋಷ ಹುಡುಕಲು

ಹಾಡಿನಲ್ಲಿ ಎಲ್ಲೋ ಗುಂಯ್ ಅನ್ನುವ ಸದ್ದು. ನಮ್ಮ ಕರೆಂಟು 50 ಹರ್ಟ್ಸ್. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಅದೇ 50, ಅದರ ಮೇಲಿನ 100, 150 ಹರ್ಟ್ಸ್ ಸೇರಿ ರೆಕಾರ್ಡಿಂಗಿಗೆ ನುಗ್ಗುತ್ತದೆ. ಯಾವ ಟ್ರ್ಯಾಕಿನಲ್ಲಿ? ಒಂದೊಂದೇ ಆಫ್ ಮಾಡುತ್ತಾ ಹೋದರೆ ಸಿಕ್ಕಿಬೀಳುತ್ತದೆ. ಟ್ರ್ಯಾಕ್ ಜಾಸ್ತಿ ಇದ್ದರೆ ಅರ್ಧರ್ಧ ಮಾಡಿ. 16 ಟ್ರ್ಯಾಕಿನಲ್ಲಿ 8 ಆಫ್. ಗುಂಯ್ ನಿಂತರೆ ಕಳ್ಳ ಆ ಎಂಟರಲ್ಲಿ ಇದ್ದಾನೆ. ಆಮೇಲೆ ನಾಲ್ಕು, ಎರಡು, ಒಂದು. ನಾಲ್ಕೇ ಹೆಜ್ಜೆ. ಪ್ರಾಜೆಕ್ಟ್ ಪದೇ ಪದೇ ಕ್ರ್ಯಾಶ್ ಆಗುತ್ತಿದ್ದರೂ ಪ್ಲಗಿನ್‌ಗಳ ಮೇಲೆ ಇದೇ ಉಪಾಯ. ತೆರೆಯುವಾಗಲೇ ಬಿದ್ದುಹೋಗುತ್ತಿದ್ದರೆ ರೀಪರ್‌ನಲ್ಲಿ ಎಲ್ಲಾ ಪ್ಲಗಿನ್‌ಗಳನ್ನೂ ಆಫ್‌ಲೈನ್ ಮಾಡಿಯೇ ಪ್ರಾಜೆಕ್ಟ್ ತೆರೆಯುವ ಸೌಲಭ್ಯ ಇದೆ. ತೆರೆದ ಮೇಲೆ ಒಂದೊಂದನ್ನೇ ಎಬ್ಬಿಸಿದರೆ ಯಾವುದು ಕಾಲೆಳೆಯುತ್ತಿದೆ ಅಂತ ಕಾಣುತ್ತದೆ.

ಎಡವುವ ಜಾಗಗಳು

ಒಂದನ್ನು ಆಫ್ ಮಾಡಿದರೆ ಅದನ್ನು ನಂಬಿಕೊಂಡ ಇನ್ನೊಂದೂ ಬದಲಾಗುತ್ತದೆ. ಕಿಕ್ ಬಿದ್ದಾಗಲೆಲ್ಲಾ ಬೇಸ್ ತಗ್ಗಲಿ ಅಂತ ಸೈಡ್‌ಚೈನ್ ಮಾಡಿರುತ್ತೀರಿ. ಕಿಕ್ ಟ್ರ್ಯಾಕನ್ನು ಪೂರ್ತಿ ಆಫ್ ಮಾಡಿದರೆ ಬೇಸಿನ ಕಂಪ್ರೆಸರಿಗೆ ಸೂಚನೆಯೇ ಬರುವುದಿಲ್ಲ, ಬೇಸ್ ಉಬ್ಬಿಕೊಳ್ಳುತ್ತದೆ. ನೀವು ಬೇಸ್ ಸರಿಯಿಲ್ಲ ಅಂತ ಅದನ್ನು ತಿದ್ದಲು ಕೂರುತ್ತೀರಿ. ಪ್ಲಗಿನ್ ಸಾಲಿನಲ್ಲೂ ಹೀಗೇ. ಮೊದಲ ಇಕ್ಯೂ ಆಫ್ ಆದರೆ ಅದರ ಮುಂದಿನ ಕಂಪ್ರೆಸರಿಗೆ ಹೋಗುವ ಸದ್ದಿನ ಮಟ್ಟವೇ ಬೇರೆ, ಅದು ಒತ್ತುವ ರೀತಿಯೂ ಬೇರೆ. ಆಗ ನೀವು ಕೇಳುತ್ತಿರುವುದು ಬರೀ ಇಕ್ಯೂ ಇಲ್ಲದ ದನಿಯಲ್ಲ.

ಇನ್ನು ಎಕ್ಸ್‌ಪೋರ್ಟ್. ಆಫ್ ಆದದ್ದು ಕೊನೆಯ ಫೈಲಿನಲ್ಲಿ ಬರುವುದಿಲ್ಲ. ಯಾವುದೋ ಸಂಶಯಕ್ಕೆ ಆಫ್ ಮಾಡಿದ ದಮ್ಮಡಿ ಕ್ಲಿಪ್ಪು ಹಾಗೇ ಉಳಿದು, ಹಾಡು ಯೂಟ್ಯೂಬಿಗೆ ಹೋದ ಮೇಲೆ ‘ನಮ್ ದಮ್ಮಡಿ ಎಲ್ಲೋಯ್ತು’ ಅನ್ನುವ ಫೋನ್ ಬಂದರೆ ಉತ್ತರ ಕಷ್ಟ. ಎಕ್ಸ್‌ಪೋರ್ಟ್ ಆದ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಕೇಳಲೇಬೇಕು. ಹೆಸರು ಕೊಡುವ ಅಭ್ಯಾಸವೂ ಸಹಾಯ ಮಾಡುತ್ತದೆ. ‘ಸ್ಟ್ರಿಂಗ್ಸ್, ತಂಡಕ್ಕೆ ಬೇಡ’, ‘ದನಿ ಟೇಕ್ 1, ಉಸಿರು ಚೆನ್ನಾಗಿದೆ’ ಅಂತ ಬರೆದಿಟ್ಟರೆ ಆರು ತಿಂಗಳ ಮೇಲೆ ಯಾಕೆ ಆಫ್ ಮಾಡಿದ್ದು ಅಂತ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಆಫ್ ಮಾಡಿದರೆ ಡಿಸ್ಕಿನ ಜಾಗ ಉಳಿಯುವುದಿಲ್ಲ ಅನ್ನುವುದೂ ನೆನಪಿರಲಿ. ಫೈಲುಗಳೆಲ್ಲಾ ಅಲ್ಲೇ ಇರುತ್ತವೆ. ಇನ್ನು ಕೆಲವರ ಪ್ರಾಜೆಕ್ಟ್ ತೆರೆದರೆ ಅರ್ಧಕ್ಕರ್ಧ ಮಂಕು ಕ್ಲಿಪ್ಪುಗಳೇ. ಅದು ಸೌಲಭ್ಯ ಅಲ್ಲ, ತೀರ್ಮಾನ ಮಾಡಲಾಗದೆ ಮುಂದೂಡಿದ್ದು. ಬೇರೆ ಸ್ಟುಡಿಯೋಗೆ ಮಿಕ್ಸಿಂಗಿಗೆ ಕಳಿಸುವಾಗ ಇದು ಅವರಿಗೆ ಹಿಂಸೆ. ಕಳಿಸುವ ಮೊದಲು ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಆ ಕಾಪಿಯಲ್ಲಿ ಆಫ್ ಇರುವುದನ್ನೆಲ್ಲಾ ಧೈರ್ಯವಾಗಿ ಡಿಲೀಟ್ ಮಾಡಿ. ಆಡಿಯೋ ಫೈಲುಗಳನ್ನು ಡಿಸ್ಕಿನಿಂದಲೂ ತೆಗೆಯಲಾ ಅಂತ ಸಾಫ್ಟ್‌ವೇರ್ ಕೇಳಿದರೆ ಬೇಡ ಅನ್ನಿ, ಯಾಕಂದರೆ ಹಳೇ ಪ್ರಾಜೆಕ್ಟ್ ಅದೇ ಫೈಲುಗಳನ್ನು ಬಳಸುತ್ತಿರುತ್ತದೆ. ಅವರಿಗೆ ಹೋಗುವುದು ಕಾಪಿ. ಸ್ಟ್ರಿಂಗ್ಸ್ ಇರುವ ಹಳೇ ಪ್ರಾಜೆಕ್ಟ್ ನಿಮ್ಮ ಹಾರ್ಡ್ ಡಿಸ್ಕಿನಲ್ಲೇ ಇರಲಿ.